ಬ್ರೇಕ್ ಇಲ್ಲದ ಅಪ್ಪನ ನಲವತ್ತೇಳು ನಿಮಿಷ

ಡಾಕ್ಟರು ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಹಿಡಿದು, "ಇದೇನು ಹೇಳಿ ನೋಡೋಣ" ಎಂದರು. ಐವತ್ತೆಂಟು ವರ್ಷದ ಹೊಲಿಗೆ ಮಿಷನ್ ರಿಪೇರಿಯವರು ಪೆನ್ನನ್ನು ನೋಡಿದರು. ಬರೆಯುವವರ ಹಾಗೆ ಬೆರಳನ್ನು ಗಾಳಿಯಲ್ಲಿ ಆಡಿಸಿದರು. "ಅದೇ... ಇದು..." ಎಂದರು. ಆಮೇಲೆ ಬಲಗೈ ಎತ್ತಿ, ಅಂಗೈ ತೋರಿಸಿ, "ಸ್ವಲ್ಪ ತಾಳಿ" ಎಂದರು. ಡಾಕ್ಟರು ತಾಳಿದರು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಅರ್ಧ ಸುತ್ತು ಬಂದರೂ ಆ ಹೆಸರು ಬರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ಸುಮ್ಮನಿರಲಾಗಲಿಲ್ಲ. "ಹೊಸ ಜಾಗ ಅಲ್ವಾ ಡಾಕ್ಟ್ರೇ, ಗಾಬರಿ ಅಷ್ಟೇ. ಇವರು ಹೀಗಲ್ಲ. ಬೇಕಾದ್ರೆ ನೀವೇ ನೋಡಿ." ಚೀಲದಿಂದ ಫೋನ್ ತೆಗೆದು ಎರಡು ವಾರದ ಹಿಂದಿನ ವಿಡಿಯೊ ಹಾಕಿದರು. ಪರದೆಯ ಮೇಲೆ ಎರಡು ಕೈಗಳು ಮಿಷನ್ನಿನ ಹೊಟ್ಟೆ ಬಿಚ್ಚುತ್ತಿದ್ದವು. ಅದೇ ಮನುಷ್ಯನ ದನಿ ಎಲ್ಲೂ ಉಸಿರು ತೆಗೆದುಕೊಳ್ಳದೆ ಓಡುತ್ತಿತ್ತು. ದಾರ ಯಾಕೆ ಗಂಟಾಗುತ್ತದೆ, ಕೆಳದಾರ ಸುತ್ತಿದ ಬಾಬಿನ್ ಯಾವ ಕಡೆ ತಿರುಗಬೇಕು, ಎಣ್ಣೆ ಎಲ್ಲಿಗೆ ಒಂದು ಹನಿ, ಎಲ್ಲಿಗೆ ಬೇಡವೇ ಬೇಡ.

ಡಾಕ್ಟರು ನಾಲ್ಕು ನಿಮಿಷದ ವಿಡಿಯೊವನ್ನು ಪೂರ್ತಿ ನೋಡಿದರು. ಫೋನಿನೊಳಗಿನ ಮನುಷ್ಯನಿಗೂ ಎದುರಿಗಿದ್ದ ಮನುಷ್ಯನಿಗೂ ತಾಳೆಯಾಗುತ್ತಿರಲಿಲ್ಲ.

"ಇದನ್ನ ತೆಗೆದೋರು ಯಾರು?"

"ನಾನು" ಎಂದಳು ಬಾಗಿಲ ಬಳಿ ನಿಂತಿದ್ದ ಮಗಳು. ಇಪ್ಪತ್ತೊಂದು ವರ್ಷ, ಡಿಗ್ರಿಯ ಕೊನೆಯ ವರ್ಷ.

"ಮಧ್ಯೆ ಏನಾದ್ರೂ ಕಟ್ ಮಾಡಿದ್ದೀಯಾ?"

"ಏನಿಲ್ಲ ಮೇಡಂ. ಖಾಲಿ ಜಾಗ ಮಾತ್ರ."

"ಎಷ್ಟು ಖಾಲಿ ಜಾಗ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ಇದು ಯಾವಾಗ ಶುರುವಾಯ್ತು ಅಂತ ನನಗೆ ಗೊತ್ತಾಗಬೇಕು. ಅದು ಗೊತ್ತಾದ್ರೆ ಎಷ್ಟು ಬೇಗ ಹೋಗ್ತಿದೆ ಅಂತ ಗೊತ್ತಾಗುತ್ತೆ. ಇನ್ನೆಷ್ಟು ದಿನದ ಮಾತು ಉಳಿದಿರಬಹುದು ಅಂತಾನೂ ಅಂದಾಜು ಸಿಗುತ್ತೆ. ಕತ್ತರಿ ಹಾಕದೇ ಇರೋದು ಏನಿದ್ರೂ ತಗೊಂಡು ಬಾ. ಹೇಗಿದೆಯೋ ಹಾಗೆ."

ಅಂಗಡಿ ಇರುವುದು ಮುಖ್ಯ ರಸ್ತೆಯಿಂದ ಎರಡನೇ ತಿರುವಿನಲ್ಲಿ, ಬೀಗದ ಕೈ ಮಾಡುವವನ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ. ಎಂಟು ಅಡಿ ಅಗಲ. ಬಾಗಿಲಿಗೆ ಅಡ್ಡವಾಗಿ ಒಂದು ಮರದ ಮೇಜು, ಅದರ ಮೇಲೆ ಎಣ್ಣೆ ಕುಡಿದು ಕಪ್ಪಾದ ಬಟ್ಟೆ. ಹಿಂದಿನ ಗೋಡೆ ತುಂಬ ಬಿಸ್ಕತ್ತಿನ ಹಳೆಯ ಡಬ್ಬಿಗಳು. ಒಂದರಲ್ಲಿ ಸ್ಪ್ರಿಂಗು, ಒಂದರಲ್ಲಿ ಸ್ಕ್ರೂ, ಒಂದರಲ್ಲಿ ಬಾಬಿನ್, ಒಂದರಲ್ಲಿ ಇವ್ಯಾವುದೂ ಅಲ್ಲದ್ದು. ಯಾವ ಡಬ್ಬಿಗೂ ಚೀಟಿ ಅಂಟಿಸಿಲ್ಲ. ಕೈಗೆ ಗೊತ್ತಿರುವಾಗ ಚೀಟಿ ಯಾಕೆ ಎನ್ನುವುದು ಅವರ ವಾದವಾಗಿತ್ತು.

ಅವರು ಮನೆಯಲ್ಲಿ ಹೆಚ್ಚು ಮಾತಾಡಿದವರಲ್ಲ, ಅಂಗಡಿಯಲ್ಲಿ ಮಾತು ನಿಲ್ಲಿಸಿದವರಲ್ಲ. ಹೆಂಡತಿ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸ ಮಾಡುತ್ತಾರೆ. ದಿನವಿಡೀ ಗಾಜಿನ ತೂತಿನಲ್ಲಿ ಕೂಗಿ ಕೂಗಿ ಬಂದವರಿಗೆ ಮನೆಯ ಮೌನ ಹಿತವಾಗಿಯೇ ಇತ್ತು. "ಮಿಷನ್ ಜತೆ ಎಲ್ಲಾ ಮಾತಾಡಿ ಖಾಲಿ ಮಾಡ್ಕೊಂಡು ಬರ್ತಾರೆ, ನನಗೆ ಅಂತ ಒಂದು ಮಾತೂ ಉಳಿಸಲ್ಲ" ಎಂದು ನಗುತ್ತಿದ್ದರು. ಇಪ್ಪತ್ತೈದು ವರ್ಷದ ಈ ಒಪ್ಪಂದವೂ ಮುಂದೆ ಬಂದದ್ದನ್ನು ಮರೆಮಾಡಿತು.

ಎರಡು ವರ್ಷದ ಹಿಂದೆ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು, ಯಾವುದಾದರೂ ಕಸುಬಿನ ಬಗ್ಗೆ ಮೂರು ನಿಮಿಷದ ವಿಡಿಯೊ. ದೂರ ಹೋಗಲು ಸೋಮಾರಿತನವಾಗಿ ಮಗಳು ಅಪ್ಪನ ಅಂಗಡಿಗೇ ಹೋದಳು. ಮುರಿದ ಮಿಷನ್ನಿನ ಕಾಲಿಗೆ ಫೋನ್ ಕಟ್ಟಿ ಮೇಲಿನಿಂದ ಅಪ್ಪನ ಕೈಗಳನ್ನು ಚಿತ್ರಿಸಿದಳು. ಮುಖ ತೋರಿಸಲು ಅಪ್ಪ ಒಪ್ಪಲಿಲ್ಲ. "ಕೈ ನೋಡಿದ್ರೆ ಕೆಲಸ ಕಲೀತಾರೆ. ಮೂತಿ ನೋಡಿದ್ರೆ ಎದ್ದು ಹೋಗ್ತಾರೆ ಮಗಳೇ" ಎಂದರು. ಆ ಮಾತು ವಿಡಿಯೊದಲ್ಲೂ ಉಳಿಯಿತು. ಹನ್ನೊಂದು ಸಾವಿರ ಜನ ನೋಡಿದರು.

ಆಮೇಲೆ ಅಪ್ಪನಿಗೇ ಒಂದು ಚಾನೆಲ್, ವಾರಕ್ಕೆ ಎರಡು ವಿಡಿಯೊ. ಕಾಲೇಜು ಮುಗಿಸಿ ನಾಲ್ಕಕ್ಕೆ ಅಂಗಡಿಗೆ ಬಂದು, ಬಾಗಿಲಿನಿಂದ ಬರುವ ಬೆಳಕು ಇರುವತನಕ ಚಿತ್ರೀಕರಣ. ಬೆಳಕು ಐದೂಮುಕ್ಕಾಲಿಗೆ ಎದುರಿನ ಕಟ್ಟಡದ ಹಿಂದೆ ಹೋಗುತ್ತಿತ್ತು. ಹಾಗಾಗಿ ಅವಳಿಗೆ ಯಾವತ್ತೂ ಆತುರ.

ಚಾನೆಲ್ ಬೆಳೆಸುವುದು ಹೇಗೆಂದು ಹೇಳಿಕೊಟ್ಟವನು ಅವಳ ಸಹಪಾಠಿ. ಯಾವ ಮಾತು ಶುರುಮಾಡಿದರೂ ರೇಖಾಚಿತ್ರದಲ್ಲಿ ಮುಗಿಸುತ್ತಿದ್ದುದರಿಂದ ಕ್ಲಾಸಿನಲ್ಲಿ ಅವನಿಗೆ 'ಗ್ರಾಫ್' ಎಂದೇ ಹೆಸರು. ಜನ ಎಷ್ಟನೇ ಸೆಕೆಂಡಿಗೆ ವಿಡಿಯೊ ಬಿಟ್ಟು ಹೋದರು ಎನ್ನುವುದನ್ನು ಅವನು ಪರದೆಯ ಮೇಲೆ ತೋರಿಸಿದ. "ನೋಡು, ಇಲ್ಲಿ ಗೆರೆ ಬಿದ್ದಿದೆ. ಇಲ್ಲಿ ನಿಮ್ಮಪ್ಪ ಏನ್ ಮಾಡ್ತಿದ್ದಾರೆ?"

"ಸ್ಕ್ರೂ ಹುಡುಕ್ತಿದ್ದಾರೆ."

"ಅವರು ಸ್ಕ್ರೂ ಹುಡುಕೋದ್ರೊಳಗೆ ನೂರು ಜನ ಬೇರೆ ಚಾನೆಲ್ ಹುಡುಕ್ಕೊಂಡ್ರು. ಗ್ಯಾಪ್ ಬಿಡಬೇಡ. ಒಂದು ಸೆಕೆಂಡೂ ಬಿಡಬೇಡ."

ಅವಳು ಗ್ಯಾಪ್ ಬಿಡಲಿಲ್ಲ. ಮೊದಮೊದಲು ಕೂತು ಕೈಯಾರೆ ಕತ್ತರಿಸಿದಳು. ನಲವತ್ತನೇ ವಿಡಿಯೊದ ಹೊತ್ತಿಗೆ, ಮೌನವನ್ನು ತಾನೇ ಹುಡುಕಿ ತೆಗೆಯುವ ಸಾಫ್ಟ್‌ವೇರ್ ಸಿಕ್ಕಿತು. ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ದನಿ ಇಲ್ಲದಿದ್ದರೆ ತೆಗೆದು ಹಾಕು ಎಂದು ಹೇಳಿಟ್ಟರೆ ಸಾಕು, ಅವಳು ಮುಖ ತೊಳೆದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ನಡುವೆ ಬಂದ ಬೇಡದ ಮಾತನ್ನು ದನಿಯ ಗೆರೆ ನೋಡಿಯೇ ಕತ್ತರಿಸಿಬಿಡುತ್ತಿದ್ದಳು. ಅಲ್ಲಿಂದಾಚೆ ಅಪ್ಪ ಮಾತಿಲ್ಲದೆ ಕೂತ ಹೊತ್ತನ್ನು ಅವಳು ಮತ್ತೆ ನೋಡಿದ್ದೇ ಇಲ್ಲ.

ನೋಡುಗರಿಗೆ ಇದು ಹಿಡಿಸಿತು. ಯಾರೋ ಒಬ್ಬರು ಕೆಳಗೆ ಬರೆದರು: "ಈ ಅಪ್ಪನಿಗೆ ಬ್ರೇಕೇ ಇಲ್ಲವಲ್ಲ!" ಹೆಸರು ಅಂಟಿಕೊಂಡಿತು. ಬ್ರೇಕ್ ಇಲ್ಲದ ಅಪ್ಪ. ಒಂದೂವರೆ ವರ್ಷ ಕಳೆಯುವಾಗ ಚಾನೆಲ್‌ಗೆ ಒಂದು ಲಕ್ಷ ಚಂದಾದಾರರು. ತಾಯಿ ಟಿಕೆಟ್ ಕಿಟಕಿಯೊಳಗೆ ಫೋನ್ ಒರಗಿಸಿಟ್ಟು, ಬಸ್ಸಿಲ್ಲದ ಹೊತ್ತಲ್ಲಿ ಗಂಡನ ಮಾತು ಕೇಳುತ್ತಿದ್ದರು. ಮದುವೆಯಾದ ಮೇಲೆ ಇಷ್ಟು ಮಾತು ಕೇಳಿಸಿಕೊಂಡದ್ದು ಅದೇ ಮೊದಲು ಎಂದು ಪಕ್ಕದ ಕಿಟಕಿಯವಳಿಗೆ ಹೇಳಿದ್ದರಂತೆ.

ಅಂಗಡಿಯಲ್ಲಿ ಆಗುತ್ತಿದ್ದುದು ಬೇರೆ. ಅಪ್ಪ ಬಾಬಿನ್ ಹಿಡಿದು ಅದರ ಹೆಸರಿಗಾಗಿ ತಡಕಾಡುತ್ತಿದ್ದರು. ಕೈ ಮಾತ್ರ ತಡವರಿಸುತ್ತಿರಲಿಲ್ಲ, ಬಾಬಿನ್ ಅದರ ಜಾಗಕ್ಕೆ ಹೋಗಿ ಕೂರುತ್ತಿತ್ತು. ಹೆಸರು ಎಲ್ಲೋ ದಾರಿಯಲ್ಲಿ ನಿಂತಿರುತ್ತಿತ್ತು. "ತಾಳು ಮಗಳೇ, ತಾಳು" ಎನ್ನುತ್ತಿದ್ದರು. ಕ್ಯಾಮೆರಾ ಕಂಡರೆ ಅಪ್ಪನಿಗೆ ಇನ್ನೂ ಸಂಕೋಚ ಎಂದು ಮಗಳು ತಿಳಿದಳು. ಆಮೇಲೆ ಅಸಡ್ಡೆ ಎಂದು ತಿಳಿದಳು.

ಎದುರು ಸಾಲಿನ ಟೈಲರ್ ಅಕ್ಕ ತನ್ನ ಮಿಷನ್ ತಂದಾಗೆಲ್ಲ ಕುಟುಕುತ್ತಿದ್ದಳು. "ಏನಣ್ಣಾ, ಫೋನಲ್ಲಿ ವಟವಟ ಅಂತೀಯ, ಎದುರಿಗೆ ಬಂದ್ರೆ ಬಾಯಿಗೆ ಬೀಗ. ಲಕ್ಷ ಜನ ಇದಾರೆ ಅಂತ ನಮ್ಮ ಹತ್ರ ಮಾತಾಡೋದು ಬಿಟ್ಟೆ ನೋಡು."

ಅವರು ನಕ್ಕು ತಲೆಯಾಡಿಸುತ್ತಿದ್ದರು. ಸೊಕ್ಕು ಬಂದಿದೆ ಎಂದುಕೊಳ್ಳಲಿ ಎಂದು ಬಿಟ್ಟಿದ್ದರೋ ಏನೋ. ಸೊಕ್ಕಿನವನೆಂಬ ಹೆಸರಿನ ಹಿಂದೆ ಅಡಗಿಕೊಳ್ಳುವುದು ಸುಲಭವಿತ್ತು.

ಪದ ಸಿಗದೆ ಬೆಳಕು ಹಾಳಾಗತೊಡಗಿದಾಗ ಮಗಳು ಒಂದು ಉಪಾಯ ಮಾಡಿದಳು. ವಿಡಿಯೊದಲ್ಲಿ ಕಾಣುವುದು ಕೈ ಮಾತ್ರ, ತುಟಿ ಅಲ್ಲ. ಹಳೆಯ ವಿಡಿಯೊಗಳಿಂದ ಅಪ್ಪ ಚೆನ್ನಾಗಿ ಹೇಳಿದ್ದ ಪದಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟುಕೊಂಡಳು. ಬಾಬಿನ್, ಶಟಲ್, ಸ್ಪ್ರಿಂಗು, ಸೂಜಿ, ಬೆಲ್ಟು, ದಾರ. ಒಟ್ಟು ಅರವತ್ತನಾಲ್ಕು. ಎಲ್ಲಿ ಅಪ್ಪ ತಡವರಿಸುತ್ತಾರೋ ಅಲ್ಲಿ ಅಪ್ಪನದೇ ಹಳೆಯ ದನಿಯನ್ನು ತಂದು ಕೂರಿಸುತ್ತಿದ್ದಳು. ಕಂಪ್ಯೂಟರಿನಲ್ಲಿ ಆ ಫೋಲ್ಡರಿಗೆ ಅವಳಿಟ್ಟ ಹೆಸರು 'ಬಿಡಿಭಾಗ'.

ತೋರಿಸಿದಾಗ ಅಪ್ಪ ಬಹಳ ಹೊತ್ತು ನಕ್ಕರು. "ನನ್ನ ಮಾತಿಗೂ ಸ್ಪೇರ್ ಇಟ್ಟಿದ್ದೀಯಾ? ಭಲೆ!" ಮರುದಿನದಿಂದ ಕ್ಯಾಮೆರಾ ಮುಂದೆ ಕೂತವರು, "ಆಮೇಲೆ ಈ ಅದನ್ನ... ನೀನೇ ಹಾಕ್ಕೋ ಮಗಳೇ... ಹೀಗೆ ತಿರುಗಿಸಿ..." ಎನ್ನತೊಡಗಿದರು. ಕೆಲಸ ಬೇಗ ಮುಗಿಯುತ್ತಿತ್ತು. ಮಗಳಿಗೂ ಸಮಾಧಾನವಾಗಿತ್ತು.

ಇನ್ನೂರಾ ಹನ್ನೆರಡನೇ ವಿಡಿಯೊ ಹಾಕಿದ ವಾರ, ಗಿರಾಕಿಯೊಬ್ಬರು ಮನೆ ಎಲ್ಲಿ ಎಂದು ಕೇಳಿದರು. ಅಪ್ಪನಿಗೆ ತಮ್ಮ ಬೀದಿಯ ಹೆಸರು ಬರಲಿಲ್ಲ. ಗಿರಾಕಿ ಟಿಕೆಟ್ ಕಿಟಕಿಗೆ ಹೋಗಿ ಹೆಂಡತಿಗೆ ಹೇಳಿದರು. ಹಾಗೆ ಅವರು ಡಾಕ್ಟರ ಮುಂದೆ ಬಂದು ಕೂತದ್ದು.

ಕತ್ತರಿ ಹಾಕದ್ದು ಮಗಳ ಬಳಿ ಹೆಚ್ಚೇನೂ ಉಳಿದಿರಲಿಲ್ಲ. ಇದ್ದದ್ದು ಒಂದೇ ಮೆಮೊರಿ ಕಾರ್ಡು. ತುಂಬಿದಾಗಲೆಲ್ಲ ಅಳಿಸಿ ಮತ್ತೆ ಬಳಸುವುದು ಅವಳ ರೂಢಿ. ಕೊನೆಯ ಒಂಬತ್ತು ವಿಡಿಯೊಗಳ ಮೂಲ ಮಾತ್ರ ಅದರಲ್ಲಿತ್ತು. ಇನ್ನೂರಾ ಮೂರು ದಿನ ಅಪ್ಪ ಹೇಗೆ ಕೂತಿದ್ದರು, ಎಷ್ಟು ಹೊತ್ತು ಹುಡುಕಿದರು ಎನ್ನುವುದು ಎಲ್ಲೂ ಇರಲಿಲ್ಲ. ಆದರೆ ಯಾವ ವಿಡಿಯೊಗೆ ಎಲ್ಲೆಲ್ಲಿ ಕತ್ತರಿ ಬಿದ್ದಿದೆ ಎನ್ನುವ ಗುರುತು ಕಂಪ್ಯೂಟರಿನಲ್ಲಿ ಉಳಿದಿತ್ತು. ಒಳಗಿನ ಚಿತ್ರ ಹೋಗಿ ಗಾಯದ ಗೆರೆಗಳಷ್ಟೇ ನಿಂತಿದ್ದವು. ಅವುಗಳನ್ನು ಎಣಿಸಲು ಗ್ರಾಫ್ ಕೂಡ ಬಂದು ಪಕ್ಕದಲ್ಲಿ ಕೂತ.

ಮೊದಲನೇ ವಿಡಿಯೊ: ಹನ್ನೊಂದು ಕತ್ತರಿ. ಸಾಫ್ಟ್‌ವೇರ್ ಬಂದ ನಲವತ್ತನೆಯದು: ಮೂವತ್ತು. ಎಪ್ಪತ್ತರವರೆಗೂ ಮೂವತ್ತರ ಆಸುಪಾಸು. ನೂರನೆಯದು: ಐವತ್ತಾರು. ನೂರೈವತ್ತು: ತೊಂಬತ್ತೇಳು. ಕೊನೆಯದು: ನೂರಾ ಅರವತ್ತಮೂರು. ನಲವತ್ತರಿಂದಾಚೆ ಎಲ್ಲವೂ ನಾಲ್ಕು ನಿಮಿಷದ ವಿಡಿಯೊಗಳೇ. ಮೌನ ಅಳೆಯುವ ಅಳತೆಯೂ ಬದಲಾಗಿರಲಿಲ್ಲ.

ಗ್ರಾಫ್ ಅಭ್ಯಾಸಬಲದಿಂದ ಗೆರೆ ಎಳೆದ. ಎಳೆದು ಮುಗಿಸಿದ ಮೇಲೆ ಪರದೆಯಿಂದ ಕೈ ಹಿಂದೆ ತೆಗೆದುಕೊಂಡ. ಚಾನೆಲ್ ಬೆಳೆದ ಗೆರೆಯನ್ನು ಅವನು ಎಷ್ಟೋ ಸಲ ಎಳೆದಿದ್ದ. ಇದೂ ಅದೇ ಗೆರೆ. ಏರಿದ್ದೂ ಅದೇ ತಿಂಗಳುಗಳಲ್ಲಿ.

"ಸಾರಿ ಕಣೇ" ಎಂದ. "ನಾನೇ ಹೇಳಿದ್ದು, ಗ್ಯಾಪ್ ಬಿಡಬೇಡ ಅಂತ."

"ನೀನು ಜನ ಬಿಟ್ಟು ಹೋಗ್ತಾರೆ ಅಂತ ಹೇಳಿದ್ದೆ. ಅಷ್ಟೇ ತಾನೇ" ಎಂದಳು ಅವಳು.

ಮೂಲ ಉಳಿದಿದ್ದ ಒಂಬತ್ತರಿಂದ, ತೆಗೆದು ಹಾಕಿದ ಭಾಗಗಳನ್ನೆಲ್ಲ ಅವಳು ಸಾಲಾಗಿ ಜೋಡಿಸಿದಳು. ನಲವತ್ತೇಳು ನಿಮಿಷ ಬಂತು. ಮರುದಿನ ಭಾನುವಾರ ಬೆಳಿಗ್ಗೆ, ಅಪ್ಪ ಅಂಗಡಿಯಲ್ಲಿದ್ದಾಗ, ಕೋಣೆಯ ಬಾಗಿಲು ಹಾಕಿಕೊಂಡು ಪೂರ್ತಿ ನೋಡಿದಳು.

ಕೈಗಳು ಸುಮ್ಮನೆ ನಿಂತಿವೆ. ಹೆಬ್ಬೆರಳು ಸೂಜಿಯ ಮೇಲೆ ಉಜ್ಜುತ್ತಿದೆ. ಡಬ್ಬಿಯ ಮುಚ್ಚಳ ತೆಗೆದು, ಮುಚ್ಚಿ, ಮತ್ತೆ ತೆಗೆಯುತ್ತಿದೆ. "ತಾಳು." ಎಣಿಸಿದಳು, ನಲವತ್ತೇಳು ನಿಮಿಷದಲ್ಲಿ ನೂರಾ ಎಂಟು ಸಲ "ತಾಳು". ನಡುನಡುವೆ ಇನ್ನೊಂದು ದನಿ. ನೋಡುಗರು ಯಾರೂ ಕೇಳದ, ಅವಳೂ ಮರೆತಿದ್ದ ದನಿ. ಅವಳದೇ. "ಅಪ್ಪಾ, ಎಷ್ಟು ಸಲ ಹೇಳೋದು." "ಬೇಗ ಅಪ್ಪಾ." "ಬಾಬಿನ್ ಅನ್ನೋಕೆ ಎಷ್ಟು ಹೊತ್ತು ಬೇಕು? ಮೂವತ್ತು ವರ್ಷದಿಂದ ಇದೇ ಕೆಲಸ ತಾನೇ ಮಾಡ್ತಿರೋದು? ಬೆಳಕು ಹೋಗ್ತಿದೆ!"

ಮೂವತ್ತೊಂದನೇ ನಿಮಿಷದಲ್ಲಿ ಅವಳು ಬಾಗಿಲಾಚೆ ನಿಂತು ಅಪ್ಪನ ಫೋನಿನಲ್ಲಿ ಗ್ರಾಫ್ ಜತೆ ಮಾತಾಡುತ್ತಿದ್ದಾಳೆ, ವಿಡಿಯೊದ ಮೇಲೆ ಯಾವ ಬಣ್ಣದ ಅಕ್ಷರ ಹಾಕಬೇಕೆಂದು. ಕ್ಯಾಮೆರಾ ಓಡುತ್ತಲೇ ಇದೆ. ಅಪ್ಪನ ಅಂಗೈಯಲ್ಲಿ ಬಾಬಿನ್ ಕೂರುವ ಶಟಲ್. ಬಹಳ ಮೆಲ್ಲಗೆ, ಸಾಫ್ಟ್‌ವೇರಿಗೆ ಮಾತು ಅನ್ನಿಸದಷ್ಟು ಮೆಲ್ಲಗೆ, ಅಪ್ಪ ಅದಕ್ಕೇ ಹೇಳಿದಂತೆ ಹೇಳುತ್ತಾರೆ: "ನಿನ್ನೆ ಗೊತ್ತಿತ್ತು ನಿನ್ನ ಹೆಸರು."

ಅದನ್ನು ಅವಳು ನಾಲ್ಕು ಸಲ ಹಾಕಿ ಕೇಳಿದಳು. ಐದನೇ ಸಲ ಆಗಲಿಲ್ಲ.

ತನ್ನ ದನಿಯನ್ನು ತೆಗೆದು ಕೊಡಬಹುದಿತ್ತು. ಹತ್ತು ನಿಮಿಷದ ಕೆಲಸ. ಡಾಕ್ಟರಿಗೆ ಬೇಕಿದ್ದದ್ದು ಅಪ್ಪನ ಮೌನ, ಮಗಳ ಸಿಡುಕಲ್ಲ. ತನ್ನ ಮೊದಲ ವಾಕ್ಯವನ್ನು ಆರಿಸಿ, ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಳು. ಅಡುಗೆ ಮನೆಯಿಂದ ತಾಯಿ ಕೂಗಿದರು: "ಏನೇ, ಆಯ್ತೇನೇ? ನಾಳೆ ಹತ್ತು ಗಂಟೆಗೇ ಹೋಗಬೇಕು."

"ಆಯ್ತಮ್ಮ" ಎಂದಳು. ಏನನ್ನೂ ಅಳಿಸದೆ ಪೆನ್‌ಡ್ರೈವಿಗೆ ಹಾಕಿದಳು.

ಡಾಕ್ಟರು ಕಂಪ್ಯೂಟರನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಕಿವಿಗೆ ಸಿಕ್ಕಿಸಿಕೊಳ್ಳಲು ಹೆಡ್‌ಫೋನ್ ಹುಡುಕಿದರು, ಸಿಗಲಿಲ್ಲ. ಹಾಗಾಗಿ ದನಿ ಎಲ್ಲರಿಗೂ ಕೇಳಿಸಿತು. ತಾಯಿ ಮೊದಲು ಪರದೆಯನ್ನೂ ಆಮೇಲೆ ಗಂಡನನ್ನೂ ನೋಡಿದರು. "ಇಷ್ಟು ಹೊತ್ತಾ? ಇಷ್ಟು ಹೊತ್ತು ಹೀಗೇ ಕೂತಿರ್ತಿದ್ರಾ ನೀವು?" ಎಂದರು. ಅಷ್ಟರಲ್ಲಿ ಮಗಳ ದನಿ ಬಂತು. *ಬಾಬಿನ್ ಅನ್ನೋಕೆ ಎಷ್ಟು ಹೊತ್ತು ಬೇಕು.* ತಾಯಿ ಮಗಳ ಕಡೆಗೆ ತಿರುಗಿದರು. ಮಗಳು ನೆಲದ ಹಾಸುಗಲ್ಲಿನ ಅಂಚನ್ನು ನೋಡುತ್ತ ನಿಂತಿದ್ದಳು.

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಂದರು. ಅಂಗೈ ಎತ್ತಿದರು. ಡಾಕ್ಟರು ವಿಡಿಯೊ ನಿಲ್ಲಿಸಿದರು.

"ಬೆಳಕು..." ಎಂದರು. ಬಾಗಿಲ ಕಡೆಗೂ ಆಮೇಲೆ ಎಲ್ಲೋ ಎತ್ತರಕ್ಕೂ ಕೈ ತೋರಿಸಿದರು, ಅಂಗಡಿಯ ಎದುರಿನ ಕಟ್ಟಡ ಇರುವಷ್ಟು ಎತ್ತರಕ್ಕೆ. "ಬೆಳಕು... ಹೋಗ್ತಿತ್ತು. ಪಾಪ, ಅವಳದ್ದು... ಅವಳದ್ದೇನಿಲ್ಲ."

ಅಂದು ಡಾಕ್ಟರ ಕೋಣೆಯಲ್ಲಿ ಅವರು ಆಡಿದ ಪೂರ್ಣ ವಾಕ್ಯ ಇದೊಂದೇ.

ಡಾಕ್ಟರು ಮಗಳು ಬರೆದು ತಂದಿದ್ದ ಕತ್ತರಿಗಳ ಲೆಕ್ಕದ ಹಾಳೆಯನ್ನು ಸಾಲುಸಾಲಾಗಿ ಓದಿದರು. ಎಪ್ಪತ್ತನೇ ವಿಡಿಯೊದ ಸಾಲಿನ ಮೇಲೆ ಬೆರಳಿಟ್ಟು, ಶುರುವಾಗಿ ಹದಿನಾರು ತಿಂಗಳಾಗಿದೆ ಎಂದರು. ಮೆದುಳಿನಲ್ಲಿ ಪದಗಳಿರುವ ಭಾಗ ಸೊರಗುವ ಕಾಯಿಲೆ. ಕೈಕೆಲಸ ಇನ್ನೂ ಕೆಲವು ವರ್ಷ ಇದ್ದೀತು, ಮಾತು ಅಷ್ಟು ದಿನ ಇರುವುದಿಲ್ಲ. ಬಹುಶಃ ಒಂದು ವರ್ಷ, ಅದಕ್ಕೂ ಕಡಿಮೆ ಇರಬಹುದು.

"ಮುಂಚೆ ಬಂದಿದ್ರೆ..." ಎಂದು ಮಗಳು ಕೇಳಿದಳು.

ಡಾಕ್ಟರು ಸುಳ್ಳು ಹೇಳುವವರಲ್ಲ. "ನಿಲ್ಲಿಸೋಕೆ ಆಗ್ತಿರಲಿಲ್ಲಮ್ಮ. ಇದಕ್ಕೆ ಔಷಧಿ ಇಲ್ಲ. ಆದ್ರೆ ಇನ್ನೂ ಮಾತಿದ್ದಾಗ ಗೊತ್ತಾಗಿರ್ತಿತ್ತು. ಒಬ್ಬರಿಗೊಬ್ಬರು ಹೇಳ್ಕೊಳ್ಳೋದು ಏನಾದ್ರೂ ಇದ್ರೆ ಹೇಳ್ಕೊಳ್ಳೋಕೆ ಅಷ್ಟು ತಿಂಗಳು ಸಿಕ್ಕಿರ್ತಿತ್ತು."

ಚಾನೆಲ್‌ಗೆ ಇನ್ನೂರಾ ಹದಿಮೂರನೇ ವಿಡಿಯೊ ಬರಲಿಲ್ಲ. ಬ್ರೇಕ್ ಇಲ್ಲದ ಅಪ್ಪ ಎಲ್ಲಿ, ಹುಷಾರಿದ್ದಾರಾ ಎಂದು ಜನ ಕೇಳುತ್ತಲೇ ಇದ್ದರು. ನಲವತ್ತೇಳು ನಿಮಿಷವನ್ನು ಹಾಗೆಯೇ ಹಾಕಿದರೆ ಲಕ್ಷವಲ್ಲ, ಕೋಟಿ ಜನ ನೋಡುತ್ತಾರೆ ಎಂದು ಗ್ರಾಫ್ ಒಮ್ಮೆ ಹೇಳಿದ, ಹೇಳಿದವನೇ ತಲೆ ತಗ್ಗಿಸಿದ. "ಅಪ್ಪನಿಗೆ ವಿಶ್ರಾಂತಿ ಬೇಕಿದೆ" ಎಂದು ಒಂದು ಸಾಲು ಬರೆದು ಅವಳು ಆ ಪುಟ ಮುಚ್ಚಿದಳು.

ಟೈಲರ್ ಅಕ್ಕನಿಗೆ ವಿಷಯ ತಿಳಿದದ್ದು ಒಂದು ವಾರದ ಮೇಲೆ. ಏನೂ ಕೆಡದ ಮಿಷನ್ನನ್ನು ಹೊತ್ತು ತಂದು ಮೇಜಿನ ಮೇಲಿಟ್ಟಳು. "ಸುಮ್ನೆ ಬಿಚ್ಚಿ ಜೋಡಿಸಿ ಕೊಡಣ್ಣ. ಮಾತಾಡೋದು ಬೇಡ. ನಾನೇ ಆಡ್ತೀನಿ, ನನಗೇನು ಬರಗಾಲವಾ ಮಾತಿಗೆ?" ಎಂದಳು. ಹೇಳಿದ್ದಕ್ಕಿಂತ ಹೆಚ್ಚೇ ಆಡಿದಳು. ಅವರು ನಗುತ್ತ ಎಣ್ಣೆ ಹಾಕಿದರು.

ಡಾಕ್ಟರು ಗೊತ್ತುಮಾಡಿದ, ಮಾತಿನ ತರಬೇತಿ ಕೊಡುವಾಕೆ ಹೇಳಿಕೊಟ್ಟದ್ದು ಸರಳ. ದಿನಕ್ಕೊಂದು ವಸ್ತು ಅವರ ಮುಂದಿಡಿ, ಹೆಸರು ಕೇಳಿ, ಸುಮ್ಮನೆ ಕಾಯಿರಿ, ನೀವೇ ಹೇಳಿಬಿಡಬೇಡಿ. ತೀರಾ ಬಾರದಿದ್ದರೆ ಒಮ್ಮೆ ಕೇಳಿಸಿ. ಕೇಳಿಸಲು ಮಗಳ ಹತ್ತಿರ ಅಪ್ಪನದೇ ದನಿ ಇತ್ತು, ಅರವತ್ತನಾಲ್ಕು ಪದ. ಒಂದು ಕಾಲಕ್ಕೆ ಅವಳು ತನ್ನ ಅನುಕೂಲಕ್ಕೆ ಬಿಡಿಸಿಟ್ಟುಕೊಂಡ ಬಿಡಿಭಾಗ.

ಮೊದಲ ತಿಂಗಳು ಇಪ್ಪತ್ತು ಪದ ಮರಳಿ ಬಂದವು. ಮೂರನೇ ತಿಂಗಳಿಗೆ ಒಂಬತ್ತು ಉಳಿದವು. ಸೂಜಿ ಬಹಳ ದಿನ ನಿಂತಿತ್ತು. 'ಮಗಳೇ' ಎನ್ನುವ ಮಾತು ಆ ಫೋಲ್ಡರಿನಲ್ಲಿ ಇರಲಿಲ್ಲ, ಅದನ್ನು ತೆಗೆದಿಡಬೇಕೆಂದು ಆಗ ಅವಳಿಗೆ ಹೊಳೆದಿರಲಿಲ್ಲ.

ಏಳನೇ ತಿಂಗಳ ಒಂದು ಸಂಜೆ, ನಾಲ್ಕೂವರೆ. ಡಾಕ್ಟರಿಗೆ ತೋರಿಸಲೆಂದು ಮಿಷನ್ನಿನ ಕಾಲಿಗೆ ಫೋನ್ ಕಟ್ಟಿ, ಮೇಜಿನ ಮೇಲೆ ಬಾಬಿನ್ ಇಟ್ಟಳು. "ಇದೇನಪ್ಪಾ?"

ಅಪ್ಪ ನೋಡಿದರು. ಕೈಗೆತ್ತಿಕೊಂಡು ತಿರುಗಿಸಿದರು. ಅವಳು ಕಾದಳು. ಆಮೇಲೆ ಬಿಡಿಭಾಗದಿಂದ ಒಮ್ಮೆ ಕೇಳಿಸಿದಳು. ಎರಡು ವರ್ಷದ ಹಿಂದಿನ ಅಪ್ಪ, ಗಂಟಲಲ್ಲಿ ನಗು ಇಟ್ಟುಕೊಂಡವರ ಹಾಗೆ, "ಬಾಬಿನ್" ಎಂದರು. ಈಗಿನ ಅಪ್ಪ ದನಿ ಬಂದ ಕಡೆಗೆ ಮೆಚ್ಚುಗೆಯಿಂದ ತಲೆಯಾಡಿಸಿದರು. ತುಟಿ ಕೂಡಿಸಿದರು. ದನಿ ಬರಲಿಲ್ಲ. ಬಲಗೈ ಎತ್ತಿ ಅಂಗೈ ತೋರಿಸಿದರು. "ತಾಳು" ಎನ್ನುವ ಮಾತೂ ಹೋಗಿತ್ತು, ಕೈ ಮಾತ್ರ ಉಳಿದಿತ್ತು.

ಅವಳು ಸ್ಟೂಲನ್ನು ಎಳೆದುಕೊಂಡು ಅವರ ಎದುರು ಕೂತಳು. ಪಕ್ಕದ ಅಂಗಡಿಯಲ್ಲಿ ಯಾರೋ ಬೀಗದ ಕೈ ಅರದಿಂದ ಉಜ್ಜುತ್ತಿದ್ದರು. ಐದೂಮುಕ್ಕಾಲಿಗೆ ಬೆಳಕು ಎದುರಿನ ಕಟ್ಟಡದ ಹಿಂದೆ ಹೋಯಿತು. ಅಂಗೈ ಇನ್ನೂ ಎತ್ತಿಯೇ ಇತ್ತು, ಅವಳು ಏಳಲಿಲ್ಲ.

ಆ ದಿನದ ವಿಡಿಯೊ ಒಂದು ಗಂಟೆ ಇಪ್ಪತ್ತೆರಡು ನಿಮಿಷ ಇದೆ. ಅದರಲ್ಲಿ ಒಂದೂ ಕತ್ತರಿ ಇಲ್ಲ. ಅಪ್ಪನ ಮಾತೂ ಇಲ್ಲ.